ಮೂಡಲಗಿಯ ಎದುರಾಳಿ

ಅವನನ್ನು ನಾನು ಮೊದಲು ನೋಡಿದ್ದು ಗೋಕಾಕದ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯ ಕಟ್ಟೆಯ ಮೇಲೆ. ನನ್ನ ತೊಡೆಯ ಮೇಲೆ ಹಳೆಯ ಲ್ಯಾಪ್‌ಟಾಪ್ ಇತ್ತು, ಅವನ ಕಾಲ ಬಳಿ ಗೊಬ್ಬರದ ಚೀಲದಲ್ಲಿ ಸುತ್ತಿದ ಕಂಪ್ಯೂಟರ್ ಡಬ್ಬಿ. ರಿಪೇರಿಯವನು ಇಬ್ಬರಿಗೂ ಒಂದೇ ತೀರ್ಪು ಕೊಟ್ಟಿದ್ದ. "ಹೊಸಾ ಸಿಸ್ಟಮ್ ಇದರಾಗ ಕೂಡ್ರಂಗಿಲ್ರಿ. ಹಳೇದಕ್ಕ ಇನ್ನ ಮುಂದ ಅಪ್‌ಡೇಟ್ ಬರಂಗಿಲ್ಲ. ಗುಜರಿಗೆ ಹಾಕಿ ಬ್ಯಾರೆ ತಗೋರಿ." ನಾನು ಒಂದೇ ಛತ್ರಿಗೆ ಮತ್ತೆ ಮತ್ತೆ ಕಡ್ಡಿ ಹಾಕಿಸುವ ಮನುಷ್ಯ. ನಡೆಯುತ್ತಿರುವ ಯಂತ್ರವನ್ನು ಗುಜರಿಗೆ ಹಾಕು ಎಂದರೆ ನನಗೆ ಮೈ ಉರಿಯುತ್ತದೆ. ರಿಪೇರಿಯವನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡೆ.

ನಾನು ಉಸಿರು ಎಳೆದುಕೊಳ್ಳಲು ನಿಂತಾಗ ಗೊಬ್ಬರದ ಚೀಲದವನು ಬಾಯಿ ತೆರೆದ. "ಮಾಸ್ತರ, ಇದಕ್ಕ ಬ್ಯಾರೆ ಔಷಧ ಐತ್ರಿ."

ನಾನು ಮಾಸ್ತರನೆಂದು ನಿನಗೆ ಹೇಗೆ ಗೊತ್ತಾಯಿತು ಎಂದು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ನೀವು ಬೈಯುವಾಗ ರಿಪೇರಿಯವನು ತಾನಾಗಿ ಕೈಕಟ್ಟಿ ನಿಂತದ್ದನ್ನು ನೋಡಿದೆ ಎನ್ನುತ್ತಿದ್ದ. ಅವನದು ಮೂಡಲಗಿಯಲ್ಲಿ ಬೀಜ, ಗೊಬ್ಬರ, ಹುಳ ಸಾಯಲೆಂದು ಬೆಳೆಗೆ ಹೊಡೆಯುವ ಎಣ್ಣೆಯ ಅಂಗಡಿ. ನನಗಿಂತ ಎಂಟು ವರ್ಷ ಚಿಕ್ಕವನು. ಆ ದಿನ ಚಹಾ ಕುಡಿಯುತ್ತ ಅವನು ಹೇಳಿದ ಔಷಧದ ಹೆಸರು ಲಿನಕ್ಸ್, ಯಂತ್ರ ನಡೆಸುವ ಇನ್ನೊಂದು ಸಿಸ್ಟಮ್. ಯಾರೂ ಮಾರುವುದಿಲ್ಲ, ಯಾರ ಅಪ್ಪಣೆಯೂ ಬೇಡ, ಯಾರು ಬೇಕಾದರೂ ತೆಗೆದುಕೊಂಡು ತಮಗೆ ಬೇಕಾದ ಹಾಗೆ ತಿದ್ದಿಕೊಳ್ಳಬಹುದು, ಹಳೆಯ ಯಂತ್ರದಲ್ಲೂ ಓಡುತ್ತದೆ ಎಂದ. ಇಷ್ಟೆಲ್ಲ ಒಳ್ಳೆಯದಾಗಿದ್ದರೆ ಊರಲ್ಲಿ ಒಬ್ಬರೂ ಯಾಕೆ ಇಟ್ಟುಕೊಂಡಿಲ್ಲ ಎಂದು ಕೇಳಿದೆ. "ಒಬ್ಬರೂ ಇಟ್ಟಿಲ್ಲಂತನ ನಿಮಗ ಹೇಳಾಕತ್ತೇನ್ರಿ. ಒಬ್ಬಾಂವಗ ಬ್ಯಾಸರ ಬರತೈತಿ" ಎಂದ.

ಆ ಮಾತು ನನಗೆ ಹಿಡಿಸಿತು. ಬೇಸರದ ವಿಷಯದಲ್ಲಿ ನಾನು ಅವನಿಗಿಂತ ಹಿರಿಯ. ನಾನು ಗೋಕಾಕದ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಹೆಣ್ಣು ನೋಡುವ ವಯಸ್ಸು ತಂಗಿಯರ ಮದುವೆ ಮಾಡುವುದರಲ್ಲಿ ಹೋಯಿತು, ಆಮೇಲೆ ನನಗೆ ಯಾರೂ ಹೆಣ್ಣು ತೋರಿಸಲಿಲ್ಲ. ತಂಗಿಯರಿಬ್ಬರೂ ಹುಕ್ಕೇರಿ ತಾಲೂಕಿನ ದಡ್ಡಿಯಲ್ಲಿ ಒಂದೇ ಮನೆಗೆ ಸೊಸೆಯರಾಗಿ ಸುಖವಾಗಿದ್ದಾರೆ. ನಾನು ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೇನೆ, ಊಟ ಖಾನಾವಳಿಯದು. ದಿನವಿಡೀ ಶಾಲೆಯಲ್ಲಿ ಗಂಟಲು ಹರಿದುಕೊಳ್ಳುವವನಿಗೆ ಸಂಜೆ ಮೌನವೇ ಹಿತವಾಗಿರಬೇಕು ಎಂದು ಜನ ತಿಳಿಯುತ್ತಾರೆ. ಹಾಗೇನಿಲ್ಲ. ಶಾಲೆಯಲ್ಲಿ ನಾನು ಆಡುವುದು ಪಾಠ. ಮಾತು ಬೇರೆ.

ಮುಂದಿನ ರವಿವಾರ ಅವನು ಒಂದು ಪೆನ್ ಡ್ರೈವ್ ಹಿಡಿದುಕೊಂಡು ನನ್ನ ಮನೆಗೆ ಬಂದ. ಲಿನಕ್ಸ್ ಎಂದರೆ ಒಂದಲ್ಲ, ನೂರಾರು ಬಗೆ ಇವೆ ಎಂದು ಗೊತ್ತಾಗಿದ್ದು ಆಗ. ಬೀಜದ ಅಂಗಡಿಯವನಾದ್ದರಿಂದ ಅವನು ಅವುಗಳನ್ನು ತಳಿ ಎಂದೇ ಕರೆಯುತ್ತಿದ್ದ, ನನಗೂ ಅದೇ ರೂಢಿಯಾಯಿತು. ಯಂತ್ರದೊಳಗೆ ಹಾಕದೆ ಪೆನ್ ಡ್ರೈವಿನಿಂದಲೇ ಒಂದೊಂದು ತಳಿಯನ್ನು ನಡೆಸಿ ನೋಡಬಹುದು. ಇಷ್ಟವಾದರೆ ಇಟ್ಟುಕೊಳ್ಳುವುದು, ಇಲ್ಲವಾದರೆ ಯಂತ್ರ ಬಂದ್ ಮಾಡಿದರೆ ಬಂದ ದಾರಿಗೆ ಸುಂಕವಿಲ್ಲ. ಒಂದು ತಳಿಯಲ್ಲಿ ಕನ್ನಡದ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬಿದ್ದಿರುತ್ತಿದ್ದವು. ಇನ್ನೊಂದರಲ್ಲಿ ಕನ್ನಡ ಚಂದ, ಆದರೆ ಇಂಟರ್ನೆಟ್ ಹತ್ತುತ್ತಿರಲಿಲ್ಲ. ಮತ್ತೊಂದರಲ್ಲಿ ಎಲ್ಲವೂ ಸರಿ, ಆದರೆ ಬಣ್ಣ ನೋಡಿದರೆ ಬದನೆಕಾಯಿ ತೋಟದಲ್ಲಿ ಕುಳಿತಂತಾಗುತ್ತಿತ್ತು.

ನಾನು ಒಂದೊಂದರಲ್ಲೂ ಒಂದೊಂದು ತಪ್ಪು ಹುಡುಕುತ್ತಿದ್ದೆ. ಅವನು ತಾಳ್ಮೆಯಿಂದ ಇನ್ನೊಂದನ್ನು ತೆರೆಯುತ್ತಿದ್ದ. "ಮಾಸ್ತರ, ನೀವು ಹೆಣ್ಣ ನೋಡಾಕ ಹೋಗಿದ್ರೂ ಹಿಂಗ ಮಾಡತಿದ್ರಿ ನೋಡ್ರಿ. ಮೂಗ ಸರಿ ಇಲ್ಲ, ಮಾರಿ ಸರಿ ಇಲ್ಲ, ಉಪ್ಪಿಟ್ಟಿಗೆ ಉಪ್ಪಿಲ್ಲ" ಎಂದು ಚೇಷ್ಟೆ ಮಾಡಿದ. ಬೇರೆ ಯಾರಾದರೂ ಹಾಗೆ ಅಂದಿದ್ದರೆ ಅವರ ಮುಖ ಮತ್ತೆ ನೋಡುತ್ತಿರಲಿಲ್ಲ. ಅವನು ಅಂದಾಗ ನಕ್ಕೆ.

ಹೀಗೆ ರವಿವಾರಗಳು ತುಂಬಿಕೊಂಡವು. ಒಂದು ವಾರ ಅವನು ಬರುತ್ತಿದ್ದ, ಒಂದು ವಾರ ನಾನು ಮೂಡಲಗಿಯ ಬಸ್ಸು ಹಿಡಿಯುತ್ತಿದ್ದೆ. ಅಂಗಡಿಯ ಹಿಂದೆಯೇ ಅವನ ಮನೆ. ಅವನ ಹೆಂಡತಿ ನನ್ನನ್ನು ಅಣ್ಣಾರ ಎನ್ನುತ್ತಿದ್ದಳು, ಶೇಂಗಾ ಹೋಳಿಗೆ ಮಾಡಿದ ದಿನ ನನಗೆಂದು ಡಬ್ಬಿ ತೆಗೆದಿಡುತ್ತಿದ್ದಳು. ನಾನು ಕರದಂಟು ಒಯ್ಯುತ್ತಿದ್ದೆ. ಅವನು ಖಂಡೇನವಮಿಗೆ ತಕ್ಕಡಿ, ಕತ್ತರಿ, ಎಣ್ಣೆ ಹೊಡೆಯುವ ಪಂಪಿನ ಜೊತೆ ಪೆನ್ ಡ್ರೈವಿಗೂ ವಿಭೂತಿ ಹಚ್ಚಿ ಪೂಜೆ ಮಾಡಿದ. ವಿಭೂತಿಯ ಪುಡಿ ಒಳಗೆ ಹೋಗಿ ಅದು ಎರಡು ದಿನ ಕೆಲಸ ಮಾಡಲಿಲ್ಲ. ದೇವರ ಮೇಲೆ ಸಿಟ್ಟು ಮಾಡಲು ಬರುವುದಿಲ್ಲ ಎಂದು ಅವನು ಪೆನ್ ಡ್ರೈವಿಗೆ ಬೈದ.

ನಮ್ಮಿಬ್ಬರ ಮಧ್ಯೆ ಭಿನ್ನಾಭಿಪ್ರಾಯ ಮೊದಲಿನಿಂದಲೂ ಇತ್ತು. ಅದು ಜಗಳವಲ್ಲ, ನಮ್ಮ ಮಾತಿನ ಬಂಡವಾಳ. ಅವನು ಆರಿಸಿಕೊಂಡ ತಳಿ ಎರಡು ವರ್ಷಕ್ಕೊಮ್ಮೆ ಮಾತ್ರ ಬದಲಾಗುವಂಥದು. ನಡುವೆ ಸಣ್ಣಪುಟ್ಟ ದುರಸ್ತಿ ಬಿಟ್ಟರೆ ಇಂದು ಇದ್ದಂತೆ ನಾಳೆಯೂ ಇರುತ್ತದೆ. ನಾನು ಆರಿಸಿಕೊಂಡದ್ದು ಹೆಚ್ಚುಕಡಿಮೆ ದಿನವೂ ಹೊಸದಾಗುವ ತಳಿ. ಜಗತ್ತಿನ ಯಾವುದೋ ಮೂಲೆಯಲ್ಲಿ ಯಾರೋ ನಿನ್ನೆ ತಿದ್ದಿದ್ದು ಇವತ್ತು ನನ್ನ ಯಂತ್ರಕ್ಕೆ ಬಂದು ಬೀಳುತ್ತದೆ. ಕೆಲವೊಮ್ಮೆ ಅದರಿಂದ ಏನಾದರೂ ಕೆಡುತ್ತದೆ, ಆಗ ಕುಳಿತು ಸರಿ ಮಾಡಬೇಕು. ಅವನದಕ್ಕೆ ನಾನು ಖಡಕ್ ರೊಟ್ಟಿ ಎಂದು ಹೆಸರಿಟ್ಟೆ. ಕಟ್ಟಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ, ಆದರೆ ಹಲ್ಲು ಬೇಕು. ನನ್ನದು ಬಿಸಿ ರೊಟ್ಟಿ.

"ಬಿಸಿ ರೊಟ್ಟಿ ಬೇಕಂದ್ರ ದಿನಾ ಒಲಿ ಮುಂದ ಕೂಡ್ರಬೇಕಾಗತೈತ್ರಿ" ಎನ್ನುತ್ತಿದ್ದ.

"ಕೂಡ್ರತೇನಿ. ನನಗೇನ್ ಬ್ಯಾರೆ ಕೆಲಸ ಐತಿ?" ಎನ್ನುತ್ತಿದ್ದೆ. ಖಾನಾವಳಿಯ ಖಡಕ್ ರೊಟ್ಟಿ ಅಗಿಯುತ್ತಲೇ ಹೀಗೆ ಹೇಳುತ್ತಿದ್ದೆನೆಂದು ಅವನು ಮೂಡಲಗಿಯ ತುಂಬ ಸಾರಿದ್ದ.

ಪರದೆಯಲ್ಲಿ ಮೆನು, ಗಡಿಯಾರ ಇರುವ ಪಟ್ಟಿ ಎಲ್ಲಿರಬೇಕು ಎಂಬುದಕ್ಕೂ ಎರಡು ಪಕ್ಷ. ಅವನಿಗೆ ಕೆಳಗೆ ಬೇಕು, ಎಲ್ಲರಿಗೂ ರೂಢಿ ಇರುವ ಕಡೆ. ನನಗೆ ಮೇಲೆ ಬೇಕು, ಓದುವವನು ಮೇಲಿನಿಂದ ಓದುತ್ತಾನೆ. ಇದೊಂದರ ಮೇಲೆ ನಾವು ಮೂಡಲಗಿಯ ಬಸ್ ನಿಲ್ದಾಣದಲ್ಲಿ ನಿಂತು ವಾದಿಸಿ ಬಸ್ಸು ಬಿಟ್ಟ ದಿನಗಳಿವೆ. ಪಕ್ಕದಲ್ಲಿ ನಿಂತವರು ಹೊಲದ ಬದುವಿನ ತಕರಾರು ಎಂದುಕೊಂಡಿರಬೇಕು. ಎರಡು ತಾಲೂಕಿಗೆ ಸೇರಿ ಇಂಥ ಹುಚ್ಚರು ನಾವಿಬ್ಬರೇ ಇದ್ದೆವು, ಇಬ್ಬರಿದ್ದೆವು ಎಂಬುದೇ ಸಾಕಾಗಿತ್ತು.

ಎಲ್ಲ ಕೆಟ್ಟದ್ದು ಹುಕ್ಕೇರಿ ತಾಲೂಕಿಗೆ ಹೋದ ದಿನ. ನನ್ನ ಜೊತೆ ಬಿ.ಎಡ್. ಓದಿದವನೊಬ್ಬ ಯಮಕನಮರಡಿಯ ಆಚೆಗಿನ ಒಂದು ಹಳ್ಳಿಯ ಶಾಲೆಗೆ ಹೆಡ್ ಮಾಸ್ತರನಾಗಿದ್ದ. ಅವನ ಶಾಲೆಗೆ ಯಾರೋ ಹಳೆಯ ಕಂಪ್ಯೂಟರ್‌ಗಳನ್ನು ದಾನ ಕೊಟ್ಟಿದ್ದರು, ಅವು ಧೂಳು ತಿನ್ನುತ್ತಿದ್ದವು. ಪುಕ್ಕಟೆ ಸಿಸ್ಟಮ್ ಹಾಕಿ ಎಬ್ಬಿಸಿ ಕೊಡುತ್ತೀರಾ ಎಂದು ಫೋನ್ ಮಾಡಿದ. ನಮಗೆ ಮದುವೆಗೆ ಕರೆದಷ್ಟು ಸಂತೋಷ. ಅಲ್ಲಿಯವರೆಗೆ ನಮ್ಮ ವಿದ್ಯೆಯನ್ನು ಯಾರೂ ಕೇಳಿರಲಿಲ್ಲ. ಇಬ್ಬರೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗೋಕಾಕದಿಂದ ಹುಕ್ಕೇರಿಗೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಆ ಊರಿಗೆ ಹೋದೆವು. ದಾರಿಯಲ್ಲಿ ಕೇಳಬೇಕಾದ ಒಂದು ಪ್ರಶ್ನೆಯನ್ನು ಇಬ್ಬರೂ ಕೇಳಲಿಲ್ಲ. ಯಾರ ತಳಿ ಹಾಕುವುದು? ನನ್ನದೇ ಎಂದು ನಾನು ತಿಳಿದಿದ್ದೆ, ತನ್ನದೇ ಎಂದು ಅವನು ತಿಳಿದಿದ್ದ.

ಶಾಲೆಯ ಕೋಣೆಯಲ್ಲಿ ಇಬ್ಬರೂ ಏಕಕಾಲಕ್ಕೆ ಕಿಸೆಯಿಂದ ಪೆನ್ ಡ್ರೈವ್ ತೆಗೆದೆವು. ಮೊದಲು ನಗೆ ಬಂತು, ಆಮೇಲೆ ವಾದ ಬಂತು.

"ಸಾಲಿ ಯಂತ್ರ ಐತಿ ಮಾಸ್ತರ. ಶುಕ್ರವಾರ ಹೆಂಗ ಇತ್ತು, ಸೋಮವಾರನೂ ಹಂಗ ಇರಬೇಕು. ಕೆಟ್ಟ ನಿಂತ್ರ ಇವರು ಯಾರನ್ನ ಕೇಳಬೇಕು?" ಎಂದ.

"ಎರಡ ವರ್ಷದ ಹಳೇದನ್ನ ಹಾಕಿ ಮಕ್ಕಳಿಗೆ ತಂಗಳಾ ಉಣಸತಿಯೇನು? ಕೆಟ್ರ ನಾ ಬಂದು ಸರಿ ಮಾಡತೇನಿ" ಎಂದೆ.

"ಗೋಕಾಕದಿಂದ ಬರಾವ್ರ?"

"ಬರತೇನಿ. ನಿನಗೇನ್ ತ್ರಾಸ?"

ಹೆಡ್ ಮಾಸ್ತರ ಬಡಪಾಯಿ ನಡುವೆ ನಿಂತು, "ಎರಡೂ ಪುಕ್ಕಟೆ ಅದಾವಲ್ರಿ? ಹಂಗಾರ ಯಾವುದರ ಹಾಕ್ರಿ" ಎಂದ. ಅದು ನಮ್ಮಿಬ್ಬರಿಗೂ ಅವಮಾನವಾಗಿ ಕೇಳಿಸಿತು. ಕೊನೆಗೆ ಕಿಟಕಿಯ ಕಡೆಯ ಸಾಲಿಗೆ ಅವನು ತನ್ನದು ಹಾಕಿದ, ಗೋಡೆಯ ಕಡೆಯ ಸಾಲಿಗೆ ನಾನು ನನ್ನದು ಹಾಕಿದೆ. ಒಂದು ಸಾಲಿನಲ್ಲಿ ಪಟ್ಟಿ ಕೆಳಗೆ, ಒಂದು ಸಾಲಿನಲ್ಲಿ ಪಟ್ಟಿ ಮೇಲೆ. ಮಕ್ಕಳು ಬಾಗಿಲಲ್ಲಿ ನಿಂತು ಕಬಡ್ಡಿ ನೋಡುವಂತೆ ನೋಡುತ್ತಿದ್ದರು. ಊಟದ ಹೊತ್ತಿಗೆ ನಾವು ಒಬ್ಬರಿಗೊಬ್ಬರು ನೀರು ಕೊಡು ಎಂದೂ ಹೇಳುತ್ತಿರಲಿಲ್ಲ.

ಹೊರಡುವಾಗ ನಾನೇ ಕೆಣಕಿದೆ. ನಿನ್ನ ಸಾಲು ಬರುವ ವರ್ಷದ ಹೊತ್ತಿಗೆ ಮ್ಯೂಸಿಯಮ್ ಆಗಿರುತ್ತದೆ ಎಂದೆ. ಅವನು ಚೀಲ ಹೆಗಲಿಗೆ ಹಾಕಿಕೊಂಡು ತಣ್ಣಗೆ ಹೇಳಿದ. "ಮನ್ಯಾಗ ಮಂದಿ ಇಲ್ಲದಾಂವಗ ದಿನಾ ಒಲಿ ಮುಂದ ಕೂಡ್ರಾಕ ವ್ಯಾಳ್ಯಾ ಇರತೈತ್ರಿ ಮಾಸ್ತರ. ಮಂದಿಗೆ ಸಂಸಾರ ಇರತಾವ."

ಹೆಡ್ ಮಾಸ್ತರನ ಎದುರಿಗೇ ಹೇಳಿದ. ನಾನೂ ಬಿಡಲಿಲ್ಲ. "ಹುಳಾ ಕೊಲ್ಲು ಎಣ್ಣಿ ಮಾರಾಂವಗ ಜೀವಂತ ಇರೂದಂದ್ರ ಏನಂತ ಹೆಂಗ ಗೊತ್ತಾಗಬೇಕು?" ಎಂದೆ. ಅವನ ಅಪ್ಪನ ಕಾಲದಿಂದ ಬಂದ ಧಂದೆ ಅದು. ಅವನ ಮುಖ ಸಣ್ಣದಾಯಿತು. ಹುಕ್ಕೇರಿಯವರೆಗೆ ಒಂದೇ ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕುಳಿತು ಬಂದೆವು. ಹುಕ್ಕೇರಿ ನಿಲ್ದಾಣದಲ್ಲಿ ಗೋಕಾಕದ ಬಸ್ಸು ನಿಂತಿತ್ತು, ನಾನು ಹತ್ತಿದೆ. ಅವನು ಹತ್ತಲಿಲ್ಲ. ಕಬ್ಬಿನ ಹಾಲಿನ ಗಾಡಿಯ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದ, ಮುಂದಿನ ಬಸ್ಸಿಗೆ ಬಂದಿರಬೇಕು.

ಇಬ್ಬರ ಜಗಳ ಮೂರನೆಯವನಿಗೆ ಲಾಭ ಎನ್ನುತ್ತಾರೆ. ಇಲ್ಲಿ ಮೂರನೆಯವನಿಗೂ ಲಾಭವಾಗಲಿಲ್ಲ. ಎರಡು ಸಾಲು ಎರಡು ಥರ ಇದ್ದು ಮಕ್ಕಳಿಗೆ ತಲೆ ಕೆಟ್ಟುಹೋಯಿತಂತೆ. ಹೆಡ್ ಮಾಸ್ತರ ಯಾರನ್ನೋ ಕರೆಸಿ ಎಲ್ಲ ಯಂತ್ರಗಳಲ್ಲೂ ಎಲ್ಲರಿಗೂ ಗೊತ್ತಿರುವ ಹಳೆಯದನ್ನೇ ಹಾಕಿಸಿಬಿಟ್ಟ. ಫೋನಿನಲ್ಲಿ ಹೇಳುವಾಗ ಅವನಿಗೆ ಸಂಕೋಚ, ನನಗೆ ಬರೀ ಒಂದು ಯೋಚನೆ. ಮೂಡಲಗಿಯವನ ಸಾಲನ್ನೂ ತೆಗೆದರಲ್ಲ ಎಂದು ಸಮಾಧಾನ.

ಆಮೇಲಿನ ಮೂರು ವರ್ಷ ನಾನು ನನ್ನ ಯಂತ್ರವನ್ನು ತಿದ್ದಿದಷ್ಟು ಯಾರೂ ತಮ್ಮ ಮಕ್ಕಳನ್ನು ತಿದ್ದಿರಲಾರರು. ಬಣ್ಣ, ಅಕ್ಷರದ ಗಾತ್ರ, ಕೀಲಿಮಣೆ, ಪರದೆಯ ಮೇಲೆ ಕಿಟಕಿಗಳು ತೆರೆದುಕೊಳ್ಳುವ ರೀತಿ, ಒಂದನ್ನೂ ಬಿಡಲಿಲ್ಲ. ಒಂದೊಂದನ್ನು ಮಾಡುವಾಗಲೂ ನನ್ನ ಹೆಗಲ ಹಿಂದೆ ಅವನು ನಿಂತು ನೋಡುತ್ತಿದ್ದಾನೆಂದೇ ನನಗೆ ಅನಿಸುತ್ತಿತ್ತು. ಇದಕ್ಕೆ ಏನೆನ್ನುತ್ತಾನೆ, ಇದರಲ್ಲಿ ಏನು ಹುಳುಕು ತೆಗೆಯುತ್ತಾನೆ ಎಂದು ಯೋಚಿಸಿ ಆ ಹುಳುಕನ್ನು ಮೊದಲೇ ಮುಚ್ಚುತ್ತಿದ್ದೆ. ಅಲ್ಲಿ ಮೂಡಲಗಿಯಲ್ಲಿ ಅವನೂ ರವಿವಾರ ಅಂಗಡಿಯ ಶಟರ್ ಅರ್ಧ ಇಳಿಸಿ ನನ್ನನ್ನು ಸೋಲಿಸಲು ಏನಾದರೂ ಮಾಡುತ್ತಿರುತ್ತಾನೆ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಎದುರಾಳಿ ಸುಮ್ಮನೆ ಕೂಡುವ ಪೈಕಿ ಅಲ್ಲ.

ನನ್ನ ಅತ್ಯಂತ ದೊಡ್ಡ ಕೆಲಸವೆಂದರೆ ಮಾತು ಬದಲಿಸಿದ್ದು. ಲಿನಕ್ಸಿಗೆ ಕನ್ನಡದ ಮೆನು ಇದೆ, ಪುಣ್ಯವಂತರು ಯಾರೋ ಅನುವಾದ ಮಾಡಿದ್ದಾರೆ. ಆದರೆ ಅದು ಸರಕಾರಿ ನೋಟೀಸಿನ ಕನ್ನಡ. ತೆರೆ, ಮುಚ್ಚು, ಉಳಿಸು, ನಿರ್ಗಮಿಸು ಎಂದು ಜವಾನನಿಗೆ ಹೇಳಿದಂತೆ ಹೇಳುತ್ತದೆ. ನಾನು ಗಣಿತದ ಮಾಸ್ತರನಾದರೂ ನನಗೂ ಒಂದು ಮರ್ಯಾದೆ ಇದೆ. ಆ ಪದಗಳೆಲ್ಲ ಎಲ್ಲಿರುತ್ತವೆ ಎಂದು ಹುಡುಕಿ ಒಂದೊಂದಾಗಿ ನಮ್ಮ ಕಡೆಯ ಮಾತಿಗೆ ತಿದ್ದುತ್ತ ಹೋದೆ. ತೆಗೀರಿ, ಮುಚ್ಚರಿ, ಹಂಗ ಇರ್ಲಿ ಬಿಡ್ರಿ. ಯಂತ್ರ ಚಾಲೂ ಆದರೆ "ಬರ್ರಿ, ಕೂಡ್ರಿ" ಎನ್ನಬೇಕು. ಬಂದ್ ಮಾಡುವಾಗ "ಖರೇನ ಹೊಂಟ್ರೇನ್ರಿ?" ಎಂದು ಕೇಳಬೇಕು. ಮಧ್ಯಾಹ್ನ ಒಂದು ಗಂಟೆಗೆ ಪರದೆಯ ಮೂಲೆಯಲ್ಲಿ "ಊಟ ಆತೇನ್ರಿ?" ಎಂಬ ಸಣ್ಣ ಚೀಟಿ ಬರುವಂತೆ ಮಾಡಿದೆ.

ಅದು ಮೊದಲ ಸಲ ಬಂದ ರವಿವಾರ ನಾನು ಬಾಯಿಬಿಟ್ಟು "ಆತು" ಎಂದೆ. ಆಗಿರಲಿಲ್ಲ. ಆಮೇಲೆ ಯಾರಾದರೂ ಕೇಳಿಸಿಕೊಂಡರೇನೋ ಎಂದು ಕಿಟಕಿಯ ಕಡೆ ನೋಡಿದೆ. ಓಣಿಯಲ್ಲಿ ಯಾರೂ ಇರಲಿಲ್ಲ. ನನಗೆ ನನ್ನ ಮೇಲೆ ಕನಿಕರ ಬಂತು, ಆ ಕನಿಕರದ ಮೇಲೆ ಸಿಟ್ಟು ಬಂತು, ಖಾನಾವಳಿಗೆ ಹೋಗಿ ಉಂಡು ಬಂದೆ.

ಬಿಸಿ ರೊಟ್ಟಿಯ ತ್ರಾಸು ಗೊತ್ತಾಗಿದ್ದು ಆಮೇಲೆ. ಹೊಸ ತಿದ್ದುಪಡಿ ಬಂದಾಗಲೆಲ್ಲ ನನ್ನ ಪದಗಳನ್ನೆಲ್ಲ ಅಳಿಸಿ ಮತ್ತೆ ಆ ನೋಟೀಸಿನ ಕನ್ನಡವನ್ನೇ ತಂದು ಕೂಡಿಸುತ್ತಿತ್ತು. ಸೋಮವಾರ "ಬರ್ರಿ" ಅಂದದ್ದು ಬುಧವಾರ "ಸ್ವಾಗತ" ಅನ್ನುತ್ತಿತ್ತು. ನಾನು ಮತ್ತೆ ತಿದ್ದುವುದು, ಅದು ಮತ್ತೆ ಅಳಿಸುವುದು. ಅವನ ತಳಿಯಾಗಿದ್ದರೆ ಒಮ್ಮೆ ತಿದ್ದಿದರೆ ಎರಡು ವರ್ಷ ಅದರ ಗೊಡವೆ ಇರುತ್ತಿರಲಿಲ್ಲ. ಇದು ನನಗೆ ಗೊತ್ತಿತ್ತು. ಅವನಿಗೂ ಗೊತ್ತಾಗಿಬಿಟ್ಟರೆ ಎಂಬ ಹೆದರಿಕೆ ನನ್ನ ಹಟವನ್ನು ಕಾಯಿತು. ಒಂದು ರವಿವಾರವಂತೂ ತಿದ್ದುಪಡಿ ಮುಗಿದು ನೋಡಿದರೆ ಪರದೆ ಪೂರ್ತಿ ಕಪ್ಪು. ಮುಂಜಾನೆಯಿಂದ ಸಂಜೆಯವರೆಗೆ ಅದರ ಎದುರು ಕುಳಿತೆ. ಇಂಗ್ಲಿಷಿನಲ್ಲಿ ಬರೆದು ದೂರದೇಶದವರ ಚರ್ಚೆಯ ತಾಣದಲ್ಲಿ ಸಹಾಯ ಕೇಳಿದೆ. ಯಾರೋ ಒಬ್ಬರು, ಇದನ್ನು ಹಿಂದೆಯೇ ಚರ್ಚಿಸಿದ್ದೇವೆ, ಮೊದಲು ಹುಡುಕಿ ನೋಡಿ ಎಂದು ಉತ್ತರಿಸಿದರು. ಜನ ಎಲ್ಲಿ ಹೋದರೂ ಒಂದೇ.

ಆ ದಿನ ಫೋನ್ ಕೈಗೆ ತೆಗೆದುಕೊಂಡು ಅವನ ಹೆಸರಿನ ಮೇಲೆ ಬೆರಳಿಟ್ಟು ಕುಳಿತಿದ್ದೆ. ಇಂಥ ಕಡೆ ಅವನ ಕೈಗುಣ ದೊಡ್ಡದು. ಹಸಿರು ಹುಳ ಬಿದ್ದ ಗಿಡದ ಎಲೆ ತಿರುಗಿಸಿ ನೋಡುವ ಹಾಗೆ ಸಮಾಧಾನದಿಂದ ಒಂದೊಂದನ್ನು ತಿರುಗಿಸಿ ನೋಡುತ್ತಿದ್ದ. ಆದರೆ ಫೋನ್ ಮಾಡಿದರೆ ಸೋತಂತೆ. ಮಾಡಲಿಲ್ಲ. ಸಂಜೆಯ ಹೊತ್ತಿಗೆ ಹಿಂದಿನ ತಿದ್ದುಪಡಿಗೆ ಮರಳಿಸುವ ದಾರಿ ಸಿಕ್ಕಿತು, ಪರದೆ ಬೆಳಗಿತು. ಕುಣಿಯಬೇಕೆನಿಸಿತು. ಯಾರೆದುರಿಗೆ ಕುಣಿಯುವುದು? ದೀಪ ಹಚ್ಚಿ ಕೈಕಾಲು ತೊಳೆದುಕೊಂಡೆ.

ಆ ಮೇಲೆ ಪಟ್ಟು ಹಿಡಿದು ಒಂದು ಸಣ್ಣ ಪ್ರೋಗ್ರಾಮ್ ಬರೆಯಲು ಕಲಿತೆ. ತಿದ್ದುಪಡಿ ಬಂದು ನನ್ನ ಪದಗಳನ್ನು ಅಳಿಸಿದ ಕೂಡಲೇ ಅದು ತಾನಾಗಿ ಅವನ್ನೆಲ್ಲ ಮತ್ತೆ ತಂದು ಜಾಗದಲ್ಲಿ ಕೂಡಿಸುತ್ತದೆ. ಈಗ ಯಂತ್ರ ದಿನಾ ಹೊಸದಾಗುತ್ತದೆ, ಮಾತು ಮಾತ್ರ ನನ್ನದೇ ಇರುತ್ತದೆ. ಇದು ಅವನ ವಾದಕ್ಕೆ ಕೊನೆಯ ಉತ್ತರ. ಬಿಸಿಯೂ ಉಂಟು, ಕೆಡುವುದೂ ಇಲ್ಲ. ಇನ್ನು ಅವನು ಏನೆನ್ನುತ್ತಾನೆ ನೋಡೋಣ ಎಂದು ಲ್ಯಾಪ್‌ಟಾಪ್ ಮುಚ್ಚಿದೆ. ಅವನಿಗೆ ತೋರಿಸುವುದು ಹೇಗೆ ಎಂಬುದೊಂದೇ ಉಳಿದಿತ್ತು.

ನಮ್ಮಲ್ಲಿ ಇದಕ್ಕೊಂದು ದಾರಿ ಇದೆ. ದಸರೆಯ ಬನ್ನಿಯ ದಿನ ಮನೆಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು, ಬಂಗಾರದ ಹಾಗೆ ಇರೋಣ ಎನ್ನುತ್ತೇವೆ. ಮಾತು ಬಿಟ್ಟವರೂ ಆ ದಿನ ಎಲೆ ಕೊಟ್ಟರೆ ಬೇಡ ಎನ್ನುವ ಹಾಗಿಲ್ಲ. ಆದರೆ ಚಿಕ್ಕವರು ಹಿರಿಯರ ಮನೆಗೆ ಬರಬೇಕು, ಕಾಲು ಮುಟ್ಟಬೇಕು. ಎಂಟು ವರ್ಷಕ್ಕೆ ನಾನು ಹಿರಿಯ. ಆದ್ದರಿಂದ ಜಗಳದ ನಂತರದ ಎರಡು ದಸರೆ ನಾನು ಮನೆಯಲ್ಲೇ ಕುಳಿತು ಕಾದಿದ್ದೆ. ಚೂಡಾ, ಬೇಸನ್ ಉಂಡಿ ತಂದಿಟ್ಟೆ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ, ಗೋಕಾಕಕ್ಕೆ ಸರಕು ತರಲು ಬರುವವನು ನಮ್ಮ ಓಣಿಗೆ ಬರದೆ ಇರುತ್ತಾನೆಯೇ ಎಂದುಕೊಂಡೆ. ಶಾಲೆಯ ಮಕ್ಕಳು ಬಂದರು, ಮಮದಾಪುರದಿಂದ ನಮ್ಮ ಶಾಲೆಯ ಗುಮಾಸ್ತ ಬಂದ, ಮನೆಯ ಮಾಲಕರು ಬಂದರು. ಅವನು ಬರಲಿಲ್ಲ. ಎರಡನೆಯ ವರ್ಷ ಉಳಿದ ಚೂಡಾ ವಾರವೆಲ್ಲ ತಿಂದೆ.

ಮೂರನೆಯ ದಸರೆಗೆ ನಾನೇ ಹೊರಟೆ. ಹಿರಿಯತನ ಎಷ್ಟು ದಿನ ಅಂತ ಹೊದ್ದುಕೊಂಡು ಕೂಡುವುದು? ಲ್ಯಾಪ್‌ಟಾಪ್ ಚೀಲದಲ್ಲಿ ಹಾಕಿಕೊಂಡೆ, ಕರದಂಟಿನ ಡಬ್ಬಿ ತೆಗೆದುಕೊಂಡೆ, ಬನ್ನಿ ಎಲೆಗಳನ್ನು ಕರವಸ್ತ್ರದಲ್ಲಿ ಕಟ್ಟಿ ಕಿಸೆಗೆ ಇಟ್ಟುಕೊಂಡೆ. ಮೂಡಲಗಿಗೆ ಹೋಗುವಾಗ ಬಸ್ಸಿನಲ್ಲಿ ಏನು ಹೇಳಬೇಕೆಂದು ಪಾಠದಂತೆ ಸಿದ್ಧ ಮಾಡಿಕೊಂಡೆ. ಮೊದಲು ಆ ಪ್ರೋಗ್ರಾಮ್ ತೋರಿಸಬಾರದು. ಮೊದಲು ಅವನದನ್ನು ನೋಡಬೇಕು, ಎರಡು ಒಳ್ಳೆಯ ಮಾತು ಆಡಬೇಕು, ಆಮೇಲೆ ನನ್ನದನ್ನು ತೆರೆಯಬೇಕು.

ಅವನು ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ನನ್ನನ್ನು ಕಂಡ ಕೂಡಲೇ ಮೆಟ್ಟಿಲಿಳಿದು ಓಡಿ ಬಂದ. ನಾನು ಎಲೆ ತೆಗೆಯುವುದರೊಳಗೆ ಕಾಲು ಮುಟ್ಟಿದ.

"ಮಾಸ್ತರ, ನಾ ಬರಬೇಕಾಗಿತ್ರಿ. ನಿಮ್ಮ ಸಿಟ್ಟಿಗೆ ಅಂಜಿ ಬರಲಿಲ್ಲ. ತಪ್ಪ ತಿಳಿಬ್ಯಾಡ್ರಿ."

"ಬನ್ನಿ ತಗೋ. ಬಂಗಾರದಂಗ ಇರೂಣು" ಎಂದೆ. ಅವನು ನನ್ನನ್ನು ಅಪ್ಪಿಕೊಂಡ. ಎಣ್ಣೆಯ ಡಬ್ಬಿಗಳ ಆ ಘಾಟು ವಾಸನೆ ಅವನ ಅಂಗಿಗೆ ಹಾಗೇ ಇತ್ತು, ಅದೂ ನನಗೆ ಹಿತವೆನಿಸಿತು.

ಅವನ ಹೆಂಡತಿ ಒಳಗಿನಿಂದ ಬಂದು, "ಅಣ್ಣಾರ, ಎಷ್ಟ ದಿನಾ ಆತ್ರಿ ನೀವು ಬರಲಾರದ? ಸೊರಗೀರಲ್ರಿ" ಎಂದು ಹೋಳಿಗೆಯ ತಟ್ಟೆ ಇಟ್ಟಳು. ಮಳೆ, ಗೋವಿನಜೋಳದ ಬೆಳೆ, ನನ್ನ ತಂಗಿಯರ ಮಕ್ಕಳು, ಎಲ್ಲ ಮಾತಾದವು. ಆಮೇಲೆ ಅವನು ನನ್ನ ಮುಖ ನೋಡಿ ನಕ್ಕ, ನಾನೂ ನಕ್ಕೆ. ಹಿಂದೆ ನಾವು ಹೀಗೆ ಸುಮ್ಮನೆ ನಕ್ಕು ಕುಳಿತದ್ದು ನನಗೆ ನೆನಪಿರಲಿಲ್ಲ. ಆಗ ನಾನೇ, "ನಿಂದು ತೋರಸಪಾ, ನೋಡೂನು" ಎಂದೆ.

ಏನು ಎಂಬಂತೆ ನೋಡಿದ. ಕಂಪ್ಯೂಟರ್ ಎಂದೆ.

ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಅದು ಇತ್ತು, ಚೆಂಡು ಹೂವಿನ ಮಾಲೆ ಹಾಕಿಸಿಕೊಂಡು. ಡಬ್ಬಿ ಹೊಸದು, ಪರದೆ ಹೊಸದು. ಪರದೆಯ ಮೇಲೆ ಇದ್ದದ್ದು ಎಲ್ಲ ಅಂಗಡಿಗಳಲ್ಲಿ, ಎಲ್ಲ ಕಚೇರಿಗಳಲ್ಲಿ ಇರುವಂಥದೇ.

"ಲಿನಕ್ಸ್ ಎಲ್ಲೈತಿ?"

"ಅದನ್ನ ತಗದ ಭಾಳ ದಿನಾ ಆತ್ರಿ. ಬಿಲ್ ಮಾಡು ಪ್ರೋಗ್ರಾಮ್ ಅದರಾಗ ನಡೀತಿರಲಿಲ್ಲ."

"ಯಾವಾಗ ತಗದಿ?"

ಅವನು ನೆನಪು ಮಾಡಿಕೊಂಡ. "ನಾವು ಹುಕ್ಕೇರಿಗೆ ಹೋಗಿ ಬಂದ್ವಲ್ರಿ, ಅದರ ಮುಂದಿನ ತಿಂಗಳ. ನೀವಿದ್ರ ಅದರಾಗ ಮಜಾ ಇತ್ರಿ. ಒಬ್ಬನ ಕುಂತ ಏನ್ ಮಾಡೂದು ಅಂತ ತಗಸಿಬಿಟ್ಟೆ."

ಅವನು ಅದನ್ನು ಸಹಜವಾಗಿ ಹೇಳಿದ, ಒಳ್ಳೆಯ ಮನಸ್ಸಿನಿಂದ ಹೇಳಿದ. ಮುಂದಿನ ತಿಂಗಳು. ಅಂದರೆ ನಾನು ಪದಗಳನ್ನು ತಿದ್ದಲು ಕೂಡುವ ಮೊದಲೇ. ಪರದೆ ಕಪ್ಪಾದ ರವಿವಾರಕ್ಕಿಂತ ಬಹಳ ಮೊದಲೇ. ನನ್ನ ಹೆಗಲ ಹಿಂದೆ ನಿಂತು ಹುಳುಕು ತೆಗೆಯುತ್ತಿದ್ದವನು, ನನ್ನ ಸೋಲಿಗೆ ಕಾಯುತ್ತಿದ್ದವನು, ಶಟರ್ ಅರ್ಧ ಇಳಿಸಿ ನನಗೆ ಎದುರುತ್ತರ ಸಿದ್ಧ ಮಾಡುತ್ತಿದ್ದವನು ಎಲ್ಲಿಯೂ ಇರಲಿಲ್ಲ. ಜಗಳವಾಡಿದ್ದೂ ನಾನೊಬ್ಬನೇ, ಗೆದ್ದದ್ದೂ ನಾನೊಬ್ಬನೇ.

"ನೀವು ಇನ್ನೂ ಅದನ್ನ ಇಟಗೊಂಡೀರೇನ್ರಿ?" ಎಂದು ಕೇಳಿದ. ಅವನ ಕಣ್ಣು ನನ್ನ ಚೀಲದ ಮೇಲಿತ್ತು.

ಎಲ್ಲ ಹೇಳಿದ್ದರೆ ಕೇಳುತ್ತಿದ್ದ. ಹೊಲದಲ್ಲಿ ಬಿದ್ದ ರೋಗವನ್ನು ರೈತರು ಹೇಳುವಾಗ ಹೂಂ ಹೂಂ ಎಂದು ಕೇಳುತ್ತಾನಲ್ಲ, ಹಾಗೆ ಕೇಳುತ್ತಿದ್ದ. "ಈಗೀಗ ಕಡಿಮಿ ಮಾಡೇನಿ. ವ್ಯಾಳ್ಯಾ ಎಲ್ಲಿ ಸಿಗತೈತಿ?" ಎಂದೆ. ಹೌದ್ರಿ, ಛಲೋ ಆತು ಎಂದ. ನಾನು ಚೀಲದ ಝಿಪ್ಪು ತೆಗೆಯಲಿಲ್ಲ.

ಬಸ್ ನಿಲ್ದಾಣದವರೆಗೆ ಗಾಡಿಯ ಮೇಲೆ ಬಿಟ್ಟ. ಇನ್ನ ಮ್ಯಾಲೆ ಬರಕೋತ ಇರ್ರಿ ಎಂದ, ಬರುತ್ತೇನೆ ಎಂದೆ. ಬಸ್ಸು ತುಂಬ ಜನ, ಎಲ್ಲರ ಕಿಸೆಯಲ್ಲೂ ಬನ್ನಿ. ಪಕ್ಕದ ಸೀಟಿನಲ್ಲಿದ್ದ ರುಮಾಲಿನ ಮುದುಕ ಗುರುತಿಲ್ಲದಿದ್ದರೂ ನನ್ನ ಕೈಗೆ ಎಲೆ ಇಟ್ಟ, ನಾನು ಬಾಗಿ ಅವನ ಕಾಲು ಮುಟ್ಟಿದೆ.

"ಯಾರ ಮನಿಗೆ ಹೋಗಿದ್ದೆಪಾ?" ಎಂದು ಕೇಳಿದ.

"ಗೆಳೆಯಾನ ಮನಿಗ್ರಿ."

"ಆರಾಮ ಅದಾನೇನ?"

"ಆರಾಮ ಅದಾನ್ರಿ" ಎಂದೆ. ಅದು ಸುಳ್ಳಲ್ಲ. ಜಗಳವಾದ ಮುಂದಿನ ತಿಂಗಳಿಂದಲೇ ಅವನು ಆರಾಮ ಇದ್ದಾನೆ.